ಅಂಗೈ, ಅಂಗಾಲು ಮತ್ತು ದಪ್ಪ ಚರ್ಮದ ಕತೆ

ದಪ್ಪಗಾಗುವ ಅಂಗೈ ಅಂಗಾಲಿನ ಬಗ್ಗೆ ಮೊನ್ನೆ ಸಭೆಯಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದರು. ಬಾಯಲ್ಲಿ ಆಡಿದ ಮಾತು ಕಾಗದಕ್ಕೆ ಇಳಿದಾಗ ಸ್ವಲ್ಪ ಸೊರಗುತ್ತದೆ. ಆದರೂ ಚಿತ್ರಗಳಿಲ್ಲದೆ ಓದಿಸಿಕೊಳ್ಳುವ ಹಾಗೆ ತಿದ್ದಿದ್ದೇನೆ, ಕೊನೆಯಲ್ಲಿ ನೀವು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ಬಲಗೈ ಹೆಬ್ಬೆರಳನ್ನು ಎಡಗೈಯ ಹಿಂಬದಿಗೆ ಒತ್ತಿ, ಚರ್ಮವನ್ನು ಆಚೀಚೆ ಜಾರಿಸಿ. ಸಲೀಸಾಗಿ ಜಾರುತ್ತದೆ. ಈಗ ಕೈ ಮಗುಚಿ ಅಂಗೈಯಲ್ಲಿ ಅದನ್ನೇ ಮಾಡಿ. ಜಗ್ಗುವುದೇ ಇಲ್ಲ, ಅಲ್ವಾ? ಒಳಗಿನಿಂದ ಗಟ್ಟಿಯಾದ ನಾರುಗಳು ಆ ಚರ್ಮವನ್ನು ಹಿಡಿದುಕೊಂಡಿವೆ. ಹಾಗೆ ಹಿಡಿದುಕೊಂಡಿರದಿದ್ದರೆ ನೀವು ಒಂದು ಬಾಟಲಿ ಮುಚ್ಚಳವನ್ನೂ ತಿರುಗಿಸಲಾಗುತ್ತಿರಲಿಲ್ಲ, ಚರ್ಮವೇ ತಿರುಗಿಬಿಡುತ್ತಿತ್ತು.

ಅಂಗೈ ಅಂಗಾಲು ಮೈಯ ಉಳಿದ ಚರ್ಮದಂತಲ್ಲ. ಅಲ್ಲಿ ಕೂದಲಿಲ್ಲ. ಎಣ್ಣೆ ಗ್ರಂಥಿ ಇಲ್ಲ. ಬೆವರಿನ ಗ್ರಂಥಿಗಳು ಮಾತ್ರ ಒತ್ತೊತ್ತಾಗಿವೆ. ಕಣ್ಣಿನ ರೆಪ್ಪೆಯ ಹೊರಪದರ ಸುಮಾರು 0.05 ಮಿಲಿಮೀಟರ್ ಇದ್ದರೆ ಅಂಗಾಲಿನದ್ದು 1.5 ಮಿಲಿಮೀಟರ್‌ವರೆಗೂ ಇರುತ್ತದೆ. ಮೂವತ್ತು ಪಟ್ಟು! ಅಂದರೆ ಎಲ್ಲರ ಅಂಗಾಲೂ ಹುಟ್ಟಿನಿಂದಲೇ ದಪ್ಪ. ಇವತ್ತಿನ ಮಾತು ಆ ದಪ್ಪ ಮಿತಿ ಮೀರಿದಾಗಿನದು. ವೈದ್ಯರು ಅದಕ್ಕೆ ಕೆರಟೋಡರ್ಮ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಕೊಂಬಿನಂಥ ಚರ್ಮ ಅಂತ ಅರ್ಥ, ಅಷ್ಟೇ.

ನಮ್ಮ ಮಾತಿನಲ್ಲಿ "ಅವನದು ಎಮ್ಮೆ ಚರ್ಮ" ಅಂದರೆ ಏನು ಅಂದರೂ ನಾಟುವುದಿಲ್ಲ ಅಂತ. ಚರ್ಮದ ಕಾಯಿಲೆ ತೋರಿಸಲು ನನ್ನ ಕೋಣೆಗೆ ಬರುವ ದಪ್ಪ ಚರ್ಮದವರ ಸ್ಥಿತಿ ಅದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಚಪ್ಪಲಿಯೊಳಗೆ ಸಿಕ್ಕ ಸಣ್ಣ ಹರಳೂ ನಾಟುತ್ತದೆ. ಬಿರುಕಿನಲ್ಲಿ ಉಪ್ಪುನೀರು ಹೋದರೆ ಕಣ್ಣಲ್ಲಿ ನೀರು ಬರುತ್ತದೆ. ಪ್ಯಾಕಿಯೋನಿಕಿಯಾ ಎನ್ನುವ ಒಂದು ಬಗೆ ಇದೆ, ಉಗುರೂ ದಪ್ಪಗಾಗಿ ಅಂಗಾಲೂ ದಪ್ಪಗಾಗುವಂಥದ್ದು. ಆ ನೋವಿಗೆ ಮನೆಯೊಳಗೆ ಮಂಡಿಯೂರಿ ಓಡಾಡುವವರಿದ್ದಾರೆ. ನೋಡುವವರಿಗೆ ಕಾಲು ಗಟ್ಟಿಮುಟ್ಟಾಗಿ ಕಾಣುತ್ತದೆ. ಅದಕ್ಕೇ ಯಾರೂ ನಂಬುವುದಿಲ್ಲ.

ಇಲ್ಲೊಂದು ವಿಷಯ ಸರಿಯಾಗಿ ಅರ್ಥವಾದರೆ ಮುಂದಿನದೆಲ್ಲ ಸುಲಭ. ಚರ್ಮದ ಒಂದೊಂದು ಕೋಶವನ್ನೂ ಒಂದು ಪುಟ್ಟ ಚೀಲ ಅಂದುಕೊಳ್ಳಿ. ಅದರೊಳಗೆ ಹುರಿ ಹೆಣೆದಿದೆ. ಆ ಹುರಿಯ ಹೆಸರು ಕೆರಾಟಿನ್. ಪಕ್ಕದ ಚೀಲಕ್ಕೂ ಇದಕ್ಕೂ ಹೊಲಿಗೆ ಹಾಕಿದೆ. ಹುರಿ ಗಟ್ಟಿ ಇದ್ದರೆ ಮೇಲೆ ಎಷ್ಟು ಭಾರ ಬಿದ್ದರೂ ಚೀಲ ತಡೆಯುತ್ತದೆ. ನಾವು ನಡೆಯುವಾಗ ಇಡೀ ಮೈಯ ಭಾರ ಒಂದು ಹಿಮ್ಮಡಿಯ ಮೇಲೆ ಬೀಳುತ್ತದೆ, ಅದೂ ದಿನಕ್ಕೆ ಸಾವಿರಾರು ಸಲ. ಇದಕ್ಕೆಂದೇ ದೇಹ ಒಂದು ವಿಶೇಷ ಹುರಿಯನ್ನು ಇಟ್ಟುಕೊಂಡಿದೆ: ಕೆರಾಟಿನ್ 9. ಅಂಗೈ ಅಂಗಾಲಿನ ಹೊರಪದರಕ್ಕೇ ಮೀಸಲಾದ ಹುರಿ ಅದು. ಮೊಣಕೈಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಈಗ ಆ ಹುರಿ ಹುಟ್ಟಿನಿಂದಲೇ ದೋಷದ್ದು ಅಂದುಕೊಳ್ಳಿ. ಮಗು ಹುಟ್ಟಿದಾಗ ಪಾದ ಹೂವಿನ ಹಾಗೇ ಇರುತ್ತದೆ. ಆಮೇಲೆ ಅಂಬೆಗಾಲಿಡುತ್ತದೆ, ನಿಲ್ಲುತ್ತದೆ, ನಡೆಯುತ್ತದೆ. ಭಾರ ಬಿದ್ದಲ್ಲೆಲ್ಲ ಚೀಲಗಳು ಒಳಗೊಳಗೇ ಹರಿಯುತ್ತವೆ. ಚರ್ಮಕ್ಕೆ ಗಾಬರಿಯಾಗುತ್ತದೆ. ಹರಿದದ್ದನ್ನು ತುಂಬಿಸಲು ಕೆಳಗಿನಿಂದ ಹೊಸ ಕೋಶಗಳನ್ನು ತರಾತುರಿಯಲ್ಲಿ ಕಳಿಸುತ್ತದೆ, ಅವೂ ಅದೇ ದೋಷದವು, ಅವೂ ಹರಿಯುತ್ತವೆ, ಮತ್ತೆ ಇನ್ನಷ್ಟು ಕಳಿಸುತ್ತದೆ, ಹೀಗೆ ಪದರದ ಮೇಲೆ ಪದರ ಬಿದ್ದು ಕೆಲವೇ ವರ್ಷಗಳಲ್ಲಿ ಅಂಗಾಲು ಹಳದಿಯಾಗಿ, ಮೇಣ ಮೆತ್ತಿದ ಹಾಗೆ ಕಾಣತೊಡಗುತ್ತದೆ. ಅಂಚಿನಲ್ಲಿ ಒಂದು ಕೆಂಪು ಗೆರೆ. ದಪ್ಪ ಇರುವುದು ಗಟ್ಟಿ ಇರುವುದರಿಂದ ಅಲ್ಲ ಸ್ವಾಮಿ, ಒಳಗೆ ಸೋತಿರುವುದರಿಂದ.

ಇದು ಗೊತ್ತಾಗಲು ಬಹಳ ಕಾಲ ಬೇಕಾಯಿತು. ಜರ್ಮನಿಯಲ್ಲಿ ಥೋಸ್ಟ್ ಎನ್ನುವವರು 1880ರಲ್ಲಿ ಇಂಥ ಒಂದು ಕುಟುಂಬದ ಬಗ್ಗೆ ಬರೆದರು. 1883ರಲ್ಲಿ ಉನ್ನಾ ಬರೆದರು. ರೋಗಕ್ಕೆ ಇಬ್ಬರ ಹೆಸರೂ ಅಂಟಿತು. 1901ರಲ್ಲಿ ಫೋರ್ನರ್ ಸೂಕ್ಷ್ಮದರ್ಶಕದಲ್ಲಿ ನೋಡಿ, ನಾನು ನೋಡಿದ್ದರಲ್ಲಿ ಕೋಶಗಳು ಒಡೆದಿವೆ, ಇದು ಬೇರೆ ರೋಗ ಅಂದರು. ನಾವೂ ಓದುವಾಗ ಎರಡು ರೋಗ ಅಂತಲೇ ಬಾಯಿಪಾಠ ಮಾಡಿದೆವು. 1992ರಲ್ಲಿ ಒಬ್ಬರು ಪುಣ್ಯಾತ್ಮರು ಏನು ಮಾಡಿದರು ಗೊತ್ತಾ? ಥೋಸ್ಟ್ ನೋಡಿದ್ದ ಅದೇ ಕುಟುಂಬದ ವಂಶಸ್ಥರನ್ನು, ನೂರಹತ್ತು ವರ್ಷದ ಮೇಲೆ, ಹುಡುಕಿಕೊಂಡು ಹೋಗಿ ಚರ್ಮದ ಚೂರು ತೆಗೆದು ನೋಡಿದರು. ಕೋಶಗಳು ಒಡೆದಿದ್ದವು. ಎರಡೂ ಒಂದೇ! ಇನ್ನೆರಡು ವರ್ಷಕ್ಕೆ, 1994ರಲ್ಲಿ, ಕೆರಾಟಿನ್ 9ರ ಜೀನಿನ, ಅಂದರೆ ವಂಶವಾಹಿಯ, ದೋಷವೂ ಸಿಕ್ಕಿತು. ಕೈ ತೊಳೆದುಕೊಂಡ ಪ್ರಶ್ನೆಗೂ ಮತ್ತೆ ಹೋಗಿ ಬಾಗಿಲು ತಟ್ಟುವ ಈ ಬುದ್ಧಿ ನನಗೆ ತುಂಬ ಇಷ್ಟ.

ವಂಶದಲ್ಲಿ ಹೇಗೆ ಬರುತ್ತದೆ? ಎರಡು ದಾರಿ. ಒಂದು, ಹುರಿಯ ದೋಷ. ಹೆಚ್ಚುಕಡಿಮೆ ಎಲ್ಲ ಜೀನೂ ನಮ್ಮಲ್ಲಿ ಜೋಡಿಯಾಗಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಹುರಿ ಹೊಸೆಯುವಾಗ ಒಂದು ಎಳೆ ಪಿಸಿದರೂ ಇಡೀ ಹುರಿ ಕೆಟ್ಟ ಹಾಗೆ, ಜೋಡಿಯಲ್ಲಿ ಒಂದು ಕೆಟ್ಟರೂ ಸಾಕು. ಅಪ್ಪನಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. "ಮೊದಲ ಮಗುವಿಗೆ ಬಂತಲ್ಲ, ಎರಡನೆಯದಕ್ಕೆ ಬರಲ್ಲ ಬಿಡಿ" ಅಂತ ಸಮಾಧಾನ ಹೇಳುವವರಿದ್ದಾರೆ. ನಾಣ್ಯಕ್ಕೆ ಹಿಂದಿನ ಸಲ ಹೇಗೆ ಬಿದ್ದೆ ಅನ್ನುವ ನೆನಪಿಲ್ಲ.

ಎರಡನೆಯ ದಾರಿಯಲ್ಲಿ ಎರಡೂ ಕೆಡಬೇಕು. ಅಪ್ಪ ಅಮ್ಮ ಇಬ್ಬರ ಕೈಯೂ ಚೆನ್ನಾಗಿರುತ್ತದೆ, ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಸುಮ್ನೆ ಕೂತಿರುತ್ತದೆ, ಮಗುವಿಗೆ ಎರಡೂ ಬಂದರೆ ರೋಗ. ನಾಲ್ಕರಲ್ಲಿ ಒಂದು ಸಾಧ್ಯತೆ. ಸಂಬಂಧದೊಳಗೇ ಮದುವೆಯಾಗುವ ಕಡೆ, ಹೊರಗಿನವರ ಸಂಪರ್ಕ ಕಡಿಮೆ ಇರುವ ದ್ವೀಪಗಳಲ್ಲಿ ಇದು ಜಾಸ್ತಿ. ಕ್ರೊಯೇಷಿಯಾದಲ್ಲಿ ಮ್ಲೆಟ್ ಎನ್ನುವ ದ್ವೀಪ ಇದೆ, ಇಟಲಿ ಭಾಷೆಯಲ್ಲಿ ಮೆಲೆಡಾ. ಅಲ್ಲಿಯ ಜನರ ಕೈಕಾಲಿನ ಬಗ್ಗೆ 1826ರಲ್ಲೇ ಸ್ಟುಲ್ಲಿ ಎನ್ನುವ ವೈದ್ಯರು ಬರೆದಿದ್ದಾರೆ. ಇದು ಬರೀ ಅಂಗೈಗೆ ನಿಲ್ಲುವುದಿಲ್ಲ. ಕೈಯ ಹಿಂಬದಿಗೆ, ಮಣಿಕಟ್ಟಿಗೆ, ಕಾಲಿನ ಹರಡಿನವರೆಗೆ ಕೈಗವಸು ಕಾಲ್ಚೀಲ ಹಾಕಿದ ಹಾಗೆ ಹತ್ತುತ್ತದೆ. ಬೆವರು ನಿಂತು ವಾಸನೆ ಬರುತ್ತದೆ. ರೋಗಕ್ಕೆ ದ್ವೀಪದ್ದೇ ಹೆಸರು ಬಿತ್ತು, 'ಮೆಲೆಡಾದ ಕಾಯಿಲೆ' ಅಂತ. ಜೀನು ಸಿಕ್ಕಿದ್ದು 2001ರಲ್ಲಿ. ಊರಿನ ಹೆಸರನ್ನು ರೋಗಕ್ಕೆ ಇಡುವುದು ನನಗೇನೋ ಸರಿ ಕಾಣುವುದಿಲ್ಲ. ಆ ರೋಗ ಬೇರೆ ದೇಶಗಳಲ್ಲೂ ಇದೆ.

ಇನ್ನೊಂದು ದ್ವೀಪದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜೀವ ಉಳಿಸುವ ವಿಷಯ. ಗ್ರೀಸಿನ ನಾಕ್ಸೋಸ್. ಅಲ್ಲಿಯ ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಉಣ್ಣೆಯಂಥ ಗುಂಗುರು ಕೂದಲು. ಕೈಕಾಲು ಬಳಸಲು ಶುರು ಮಾಡಿದ ಮೇಲೆ ಅಂಗೈ ಅಂಗಾಲು ದಪ್ಪ. ಹದಿಹರೆಯಕ್ಕೆ ಬರುವಷ್ಟರಲ್ಲಿ ಹೃದಯದ ಬಡಿತದಲ್ಲಿ ಏರುಪೇರು, ಕೆಲವರಿಗೆ ದಿಢೀರ್ ಸಾವು. 1986ರಲ್ಲಿ ವೈದ್ಯರು ಈ ಮೂರನ್ನೂ ಒಟ್ಟಿಗೆ ಸೇರಿಸಿ ನೋಡಿ ವರದಿ ಮಾಡಿದರು. ಕೂದಲು, ಕಾಲು, ಹೃದಯ. ಏನು ಸಂಬಂಧ? ಆಗಲೇ ಚೀಲಗಳ ನಡುವಿನ ಹೊಲಿಗೆ ಅಂದೆನಲ್ಲ, ಅದೇ. ಇಲ್ಲಿ ಹುರಿ ಚೆನ್ನಾಗಿದೆ, ಹೊಲಿಗೆಯ ದಾರ ಪಿಸಿದಿದೆ. ಅದೇ ದಾರದಿಂದ ಹೃದಯದ ಸ್ನಾಯುಕೋಶಗಳನ್ನೂ ಹೊಲಿದಿದೆ. ಮೈಯಲ್ಲಿ ದಿನವಿಡೀ ಎಳೆತಕ್ಕೆ ಸಿಕ್ಕುವುದು ಯಾವುದು? ಅಂಗಾಲು ಮತ್ತು ಹೃದಯ. ಹೊಲಿಗೆ ಸಡಿಲಾದರೆ ಮೊದಲು ಬಿಚ್ಚಿಕೊಳ್ಳುವುದು ಅವೇ. ಅದಕ್ಕೇ ದಪ್ಪ ಅಂಗಾಲಿನ ಜೊತೆ ಉಣ್ಣೆಯಂಥ ಕೂದಲಿರುವ ಮಗು ಬಂದರೆ ನಾನು ಮುಲಾಮು ಬರೆಯುವ ಮೊದಲು ಇಸಿಜಿ ಬರೆಯುತ್ತೇನೆ. "ಕಾಲು ತೋರಿಸಲು ಬಂದರೆ ಎದೆ ಪರೀಕ್ಷೆ ಬರೆದರಲ್ಲ" ಎಂದು ಒಬ್ಬ ತಂದೆ ಮುಖ ಗಂಟಿಕ್ಕಿದ್ದರು. ಬೇಜಾರಿಲ್ಲ.

ಹೀಗೆ ಅಂಗಾಲು ನೋಡಿ ಬೇರೆಡೆ ಹುಡುಕುವ ಸಂದರ್ಭ ಇನ್ನೂ ಇವೆ. ಹಾಲುಹಲ್ಲು ನಾಲ್ಕೈದು ವರ್ಷಕ್ಕೇ ಒಸಡು ಊದಿ ಉದುರಿ, ಆಮೇಲೆ ಬಂದ ಹಲ್ಲೂ ಹದಿಹರೆಯದಲ್ಲೇ ಅಲ್ಲಾಡಿದರೆ ಅದು ಪಾಪಿಯೋನ್ ಮತ್ತು ಲೆಫೆವ್ರ್ ಎನ್ನುವ ಇಬ್ಬರು ಫ್ರೆಂಚ್ ವೈದ್ಯರು 1924ರಲ್ಲಿ ವಿವರಿಸಿದ ಬಗೆ. ಕೆಲವು ಬಗೆಗಳಲ್ಲಿ ಕಿವಿ ಮಂದ. ಮಗುವಿಗೆ ಬೆಳಕು ನೋಡಿದರೆ ಕಣ್ಣು ಚುಚ್ಚಿ ನೀರು ಬರುತ್ತದೆ, ಅಂಗಾಲಿನಲ್ಲಿ ನೋವಿನ ಗಂಟು ಇದೆ ಅಂದರೆ ರಕ್ತದಲ್ಲಿ ಟೈರೋಸಿನ್ ಎನ್ನುವ ಪ್ರೋಟೀನಿನ ಘಟಕ ಎಷ್ಟಿದೆ ಎಂದು ನೋಡಲೇಬೇಕು. ಇದೊಂದು ಮಾತ್ರ ಊಟ ಬದಲಿಸಿದರೆ ಇಳಿಯುತ್ತದೆ, ಟೈರೋಸಿನ್ ಮತ್ತು ಅಂಥದ್ದೇ ಇನ್ನೊಂದು ಘಟಕವಾದ ಫೀನೈಲಲನಿನ್ ಕಡಿಮೆ ಇರುವ ಆಹಾರ ಕೊಟ್ಟರೆ ಚರ್ಮವೂ ಕಣ್ಣೂ ಸುಧಾರಿಸುತ್ತವೆ. ಗುರುತಿಸದೆ ಬಿಟ್ಟರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಗೆ ಗಾಯ. ಮತ್ತೆ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1958ರಲ್ಲಿ ವರದಿಯಾದ ಕುಟುಂಬಗಳು. ಅವರಲ್ಲಿ ದಪ್ಪ ಅಂಗಾಲು ಇದ್ದವರಿಗೆ ಮುಂದೆ ಅನ್ನನಾಳದ ಕ್ಯಾನ್ಸರ್ ಬರುವ ಅಪಾಯ ಬಹಳ ಹೆಚ್ಚು. ಜೀನು 2012ರಲ್ಲಿ ಪತ್ತೆಯಾಯಿತು. ಇಂಥ ಮನೆತನಗಳು ತೀರಾ ವಿರಳ. ಇವತ್ತು ಮನೆಗೆ ಹೋಗಿ ಹಿಮ್ಮಡಿ ಮುಟ್ಟಿ ನೋಡಿಕೊಂಡು ನಿದ್ದೆಗೆಡಬೇಡಿ. ಮನೆಯಲ್ಲಿ ಎರಡು ಮೂರು ತಲೆಮಾರು ಅಂಗಾಲು ದಪ್ಪ ಇದ್ದು, ಅವರಲ್ಲೇ ಕೆಲವರು ಅನ್ನ ನುಂಗಲಾಗದ ಕಾಯಿಲೆಯಿಂದ ಹೋಗಿದ್ದರೆ ಆ ಮಾತನ್ನು ಮಾತ್ರ ವೈದ್ಯರಿಗೆ ಮರೆಯದೆ ಹೇಳಿ.

ಇಲ್ಲಿಯವರೆಗೆ ಹುಟ್ಟಿನ ಜೊತೆ ಬಂದದ್ದು. ಈಗ ನಡುವೆ ಬಂದು ಸೇರಿಕೊಂಡದ್ದು.

ಅಂಗೈಗೆ ಬೈಗುಳ ಗೊತ್ತಿಲ್ಲ, ಅಳು ಗೊತ್ತಿಲ್ಲ. ಏನೇ ತೊಂದರೆ ಕೊಟ್ಟರೂ ಅದರ ಉತ್ತರ ಒಂದೇ, ದಪ್ಪಗಾಗುವುದು. ಒತ್ತಿದರೂ ಅದೇ, ಉಜ್ಜಿದರೂ ಅದೇ, ವಿಷ ಕುಡಿಸಿದರೂ ಅದೇ. ಸಲಿಕೆ ಹಿಡಿದ ಕೈಗೆ ಜಡ್ಡು, ಬಿಗಿ ಬೂಟಿನ ಬೆರಳಿಗೆ ಆಣಿ. ಇವು ರೋಗ ಕೂಡ ಅಲ್ಲ. ಬೂಟು ಬದಲಿಸಿ, ಹೋಗುತ್ತದೆ. ದೊಡ್ಡವರಾದ ಮೇಲೆ ಶುರುವಾದ ದಪ್ಪಕ್ಕೆ ನಾವು ದಿನಾ ನೋಡುವ ಕಾರಣ ಮೂರು: ಇಸಬು, ಸೋರಿಯಾಸಿಸ್, ಫಂಗಸ್. ಮೂರೂ ಒಂದರ ಹಾಗೆ ಇನ್ನೊಂದು ಕಾಣುತ್ತವೆ, ಅಲ್ಲೇ ಎಡವಟ್ಟು.

ನನ್ನದೇ ಎಡವಟ್ಟು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಮರಗೆಲಸದವರೊಬ್ಬರು ಬಂದರು, ಬಲ ಅಂಗೈ ಒಣಗಿ, ಗೆರೆಗಳಲ್ಲಿ ಬಿಳಿ ಪುಡಿ ಹಾರಿಸಿದ ಹಾಗೆ. ಕೈಕೆಲಸದವರು, ಬಲಗೈ, ಇನ್ನೇನು, ಇಸಬು ಎಂದು ಸ್ಟೆರಾಯ್ಡ್ ಮುಲಾಮು ಕೊಟ್ಟೆ. ಸ್ವಲ್ಪ ಕಡಿಮೆ ಅಂದರು. ಮತ್ತೆ ಬಂತು ಅಂದರು. ಇನ್ನೂ ಜೋರಿನದು ಕೊಟ್ಟೆ. ಆರು ತಿಂಗಳು ಹೀಗೇ ನಡೆಯಿತು. ಒಂದು ದಿನ ನಾನು ರಜೆಯಲ್ಲಿದ್ದೆ, ನಮ್ಮ ಹಿರಿಯರೊಬ್ಬರು ಅವರನ್ನು ನೋಡಿ ಕೈಯನ್ನು ಮುಟ್ಟಲೂ ಇಲ್ಲ, "ಬೂಟು ಬಿಚ್ಚಿ" ಅಂದರಂತೆ. ಎರಡೂ ಪಾದದಲ್ಲಿ ಅದೇ ಬಿಳಿ ಪುಡಿ, ಉಗುರು ಹಳದಿ. ಎರಡು ಪಾದ, ಒಂದು ಕೈ. ಫಂಗಸ್ಸಿನ ಹಳೇ ಸಹಿ ಅದು, ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕಾಲು ಕೆರೆದ ಬೆರಳುಗಳಿಂದ ಅದು ಕೈಗೆ ಹತ್ತಿಕೊಳ್ಳುತ್ತದೆ. ಚೂರು ಕೆರೆದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನಾನು ಆರು ತಿಂಗಳು ಆ ಫಂಗಸ್ಸಿಗೆ ಗೊಬ್ಬರ ಹಾಕಿದೆ. ಅಂದಿನಿಂದ ಅಂಗೈ ತೋರಿಸಲು ಬಂದವರಿಗೆಲ್ಲ ಮೊದಲು ಕಾಲು ತೋರಿಸಿ ಅನ್ನುತ್ತೇನೆ.

ಮುಟ್ಟು ನಿಲ್ಲುವ ಕಾಲದ ಹೆಂಗಸರಲ್ಲಿ ಹಿಮ್ಮಡಿ ದಪ್ಪಗಾಗಿ ಬಿರುಕು ಬಿಡುವುದನ್ನು 1934ರಲ್ಲಿ ಹ್ಯಾಕ್ಸ್‌ಥೌಸೆನ್ ಎನ್ನುವ ವೈದ್ಯರು ಪ್ರತ್ಯೇಕವಾಗಿ ಗುರುತಿಸಿದರು. ಮೈತೂಕ ಜಾಸ್ತಿ ಇದ್ದವರಲ್ಲಿ ಹೆಚ್ಚು. ಎಣ್ಣೆ ಗ್ರಂಥಿ ಇಲ್ಲದ ಜಾಗ, ಮೇಲೆ ಭಾರ, ಒಣಗಿದ ಚರ್ಮ ಹಿಗ್ಗುವುದಿಲ್ಲ, ಬಿರಿಯುತ್ತದೆ. ಥೈರಾಯ್ಡ್ ಕುಂದಿದವರಿಗೂ ಅಂಗೈ ಅಂಗಾಲು ದಪ್ಪಗಾಗುತ್ತದೆ. ಅವರಿಗೆ ಮುಲಾಮು ಎಷ್ಟು ಹಚ್ಚಿದರೂ ಪ್ರಯೋಜನ ಕಡಿಮೆ, ಥೈರಾಕ್ಸಿನ್ ಮಾತ್ರೆ ಶುರು ಮಾಡಿದ ಮೇಲೆ ತಾನಾಗಿ ತೆಳುವಾಗುತ್ತದೆ.

ಇನ್ನು ವಿಷ. ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದು ಗೊತ್ತಾದದ್ದೇ ಜನರ ಚರ್ಮದಿಂದ. ಕೆರೆ ಹೊಳೆಯ ನೀರು ಕುಡಿದು ಭೇದಿಯಿಂದ ಸಾಯುವುದು ಬೇಡ ಎಂದು ಬಾವಿ ಕೊರೆದರು, ಒಳ್ಳೆಯ ಉದ್ದೇಶವೇ. ನೀರು ತಿಳಿಯಾಗಿತ್ತು, ರುಚಿಯಾಗಿತ್ತು, ವಾಸನೆ ಇರಲಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈಯಲ್ಲಿ ರವೆಯ ಕಾಳಿನಂಥ ಗಟ್ಟಿ ಚುಕ್ಕೆಗಳು, ಎದೆ ಬೆನ್ನಿನ ಮೇಲೆ ಮಳೆಹನಿ ಸಿಡಿದ ಹಾಗೆ ಬಣ್ಣದ ಕಲೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈ ಚುಕ್ಕೆಗಳು ಮುಂದೆ ಚರ್ಮದ ಕ್ಯಾನ್ಸರ್ ಆಗಬಹುದು, ಶ್ವಾಸಕೋಶ ಮತ್ತು ಮೂತ್ರಕೋಶಕ್ಕೂ ಅಪಾಯ. ಇಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನೀರು ಬದಲಿಸುವುದು. ಆರ್ಸೆನಿಕ್ ಇರುವ ಕೆಲವು ಹಳೇ ಔಷಧಿಗಳಿಂದಲೂ ಇದೇ ಗತಿ.

ಅಂಗೈ ಇದ್ದಕ್ಕಿದ್ದಂತೆ ಮಖಮಲ್ಲಿನ ಹಾಗೆ ದಪ್ಪಗಾಗಿ, ಗೆರೆಗಳು ಬೋಟಿಯ ಮಡಿಕೆಯಂತೆ ಉಬ್ಬಿ ಕಂಡರೆ, ಅದೂ ವಯಸ್ಸಾದವರಲ್ಲಿ, ಹೊಟ್ಟೆ ಮತ್ತು ಶ್ವಾಸಕೋಶ ನೋಡಿಸಬೇಕು. ಅಂಥವರಲ್ಲಿ ಬಹುಪಾಲು ಜನರಿಗೆ ಒಳಗೆ ಕ್ಯಾನ್ಸರ್ ಇರುತ್ತದೆ. ಕ್ಯಾನ್ಸರಿನ ಔಷಧಿಯೂ ಚರ್ಮ ಕೆಡಿಸುವುದುಂಟು. ಸೊರಾಫೆನಿಬ್ ತಗೊಳ್ಳುವವರಿಗೆ ಒತ್ತಡ ಬೀಳುವ ಜಾಗದಲ್ಲಿ ನೋವಿನ ಜಡ್ಡು ಬರುತ್ತದೆ. ಕೆಪೆಸಿಟಬಿನ್ ತಗೊಂಡವರಿಗೆ ಕೈ ಕೆಂಪಾಗಿ ಸುಲಿದು ಬೆರಳಚ್ಚೇ ಅಳಿಸಿಹೋಗಬಹುದು. ಸಿಂಗಪುರದ ಒಬ್ಬ ರೋಗಿಯನ್ನು ಬೆರಳಚ್ಚು ಸಿಗಲಿಲ್ಲ ಎಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಾಸುಗಟ್ಟಲೆ ಕೂರಿಸಿದ್ದರು. 2009ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಚಿಕಿತ್ಸೆಗೆ ಬರೋಣ, ಅದಕ್ಕೇ ಅಲ್ವಾ ಬಹಳ ಜನ ಬಂದದ್ದು. ವಂಶದಿಂದ ಬಂದದ್ದನ್ನು ಬುಡಸಮೇತ ತೆಗೆಯುವ ಔಷಧಿ ಇನ್ನೂ ಕೈಗೆ ಬಂದಿಲ್ಲ. ಆದರೆ ನೆಮ್ಮದಿಯಾಗಿ ನಡೆಯುವಂತೆ ಇಟ್ಟುಕೊಳ್ಳಬಹುದು. ಕಾಲನ್ನು ಹದಿನೈದು ಇಪ್ಪತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಇಡಿ. ಮೆತ್ತಗಾದ ಮೇಲೆ ಉಜ್ಜುಕಲ್ಲಿನಿಂದ ಹಗುರವಾಗಿ ತಿಕ್ಕಿ. ಒರೆಸಿ, ಪೂರ್ತಿ ಒಣಗುವ ಮುಂಚೆ ಯೂರಿಯಾ ಮುಲಾಮು. 10 ಪರ್ಸೆಂಟಿನದು ಮೆದು ಮಾಡುತ್ತದೆ, 40ರದು ಕರಗಿಸುತ್ತದೆ. ಸ್ಯಾಲಿಸಿಲಿಕ್ ಆಸಿಡ್ ಮುಲಾಮೂ ಕರಗಿಸುತ್ತದೆ, ಆದರೆ ಚಿಕ್ಕ ಮಕ್ಕಳಿಗೆ ಅಗಲ ಜಾಗಕ್ಕೆ ಹಚ್ಚಬೇಡಿ, ಮೈಯೊಳಗೆ ಇಳಿದು ತೊಂದರೆ ಕೊಡುತ್ತದೆ. ಮೇಲೆ ಹತ್ತಿಯ ಕಾಲ್ಚೀಲ ಹಾಕಿ ಮಲಗಿ. ಒಂದು ದಿನ ಜೋರಾಗಿ ಮಾಡಿ ಹದಿನೈದು ದಿನ ಬಿಡುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಮಾಡಿ.

ಬ್ಲೇಡು? ಸಕ್ಕರೆ ಕಾಯಿಲೆ ಇದ್ದವರು ಮುಟ್ಟಲೇಬಾರದು. ಉಳಿದವರೂ ಆಸೆಗೆ ಬೀಳಬೇಡಿ. ದಪ್ಪವನ್ನು ಪೂರ್ತಿ ತೆಗೆದರೆ ಕೆಳಗೆ ಸಿಗುವುದು ಆ ಪಿಸುಕು ಹುರಿಯ ಹಸಿ ಚರ್ಮ. ಇದನ್ನೂ ನಾನು ಒಬ್ಬರ ಕಾಲಿನ ಮೇಲೆಯೇ ಕಲಿತೆ. ಎರಡೂ ಅಂಗಾಲನ್ನು ಚೊಕ್ಕವಾಗಿ ಸವರಿ, ಮಗುವಿನ ಪಾದದ ಹಾಗಾಯಿತು ನೋಡಿ ಎಂದು ಬೀಗಿದ್ದೆ. ಅವರು ಒಂದು ವಾರ ನೆಲಕ್ಕೆ ಕಾಲಿಡಲಿಲ್ಲ. ಚರ್ಮದ ದಪ್ಪ ಇಳಿಸುವ ಅಸಿಟ್ರೆಟಿನ್ ಮಾತ್ರೆಯಲ್ಲೂ ಇದೇ ಎಚ್ಚರ ಬೇಕು. ಕೆಲವು ಬಗೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕೆರಾಟಿನ್ 9ರ ಬಗೆಯಲ್ಲಿ ಡೋಸ್ ಹೆಚ್ಚಾದರೆ ಚರ್ಮ ಸುಲಿದು ಹಸಿಯಾಗುತ್ತದೆ. ಗರ್ಭಿಣಿಯರಿಗೆ ಕೊಡುವಂತಿಲ್ಲ, ಮಗುವಿನ ಅಂಗಾಂಗಕ್ಕೆ ಹಾನಿ. ನಿಲ್ಲಿಸಿದ ಮೇಲೂ 3 ವರ್ಷ ಬಸಿರಾಗಬಾರದು ಎಂಬ ನಿಯಮ ಹಲವು ದೇಶಗಳಲ್ಲಿದೆ. ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಇದ್ದಕ್ಕಿದ್ದಂತೆ ತುರಿಕೆ, ವಾಸನೆ ಜಾಸ್ತಿಯಾದರೆ ದಪ್ಪ ಚರ್ಮದೊಳಗೆ ಫಂಗಸ್ ಸೇರಿಕೊಂಡಿದೆ ಅಂತ ಅನುಮಾನಿಸಿ.

ಈಗ ಚೀಟಿಗಳು.

"ಕೈಕುಲುಕಿದರೆ ಅಂಟುತ್ತದಾ?" ವಂಶದಿಂದ ಬಂದದ್ದು ಅಂಟುವುದಿಲ್ಲ, ಸೋರಿಯಾಸಿಸ್ ಅಂಟುವುದಿಲ್ಲ. ಫಂಗಸ್ ಅಂಟುತ್ತದೆ. ಕಜ್ಜಿಯಲ್ಲಿ ದಪ್ಪ ಹಕ್ಕಳೆ ಕಟ್ಟುವ ಒಂದು ಬಗೆ ಇದೆ, ಅದು ಬಹಳ ಬೇಗ ಅಂಟುತ್ತದೆ. ಈ ಚೀಟಿ ಬರೆದವರು ಯಾರೋ ಗೊತ್ತಿಲ್ಲ, ಅಕ್ಷರ ಚಿಕ್ಕವರದ್ದು ಅನ್ನಿಸಿತು. ಮಾತು ಮುಗಿದ ಮೇಲೆ ಕೈ ಜೇಬಿನಲ್ಲಿಟ್ಟುಕೊಂಡೇ ಒಬ್ಬ ಹುಡುಗ ನನ್ನ ಹತ್ತಿರ ನಿಂತಿದ್ದ. ನಾನೇ ಕೈ ಚಾಚಿದೆ.

"ನೀರಲ್ಲಿ ಕೈ ಇಟ್ಟ ಐದೇ ನಿಮಿಷಕ್ಕೆ ಅಂಗೈ ಬೆಳ್ಳಗೆ ಉಬ್ಬಿ ಸುಕ್ಕಾಗುತ್ತದೆ." ಇದೂ ಈ ಗುಂಪಿನದ್ದೇ. ಕೆಲವು ಸಲ ಸಿಸ್ಟಿಕ್ ಫೈಬ್ರೋಸಿಸ್ ಎನ್ನುವ ಕಾಯಿಲೆಯ ಜೀನು ಹೊತ್ತವರಲ್ಲಿ ಕಾಣುತ್ತದೆ. ವೈದ್ಯರಿಗೆ ತೋರಿಸಲು ಹೋಗುವಾಗ ಒಂದು ಬಟ್ಟಲು ನೀರು ಕೇಳಿ ಅಲ್ಲೇ ಕೈ ಅದ್ದಿ ತೋರಿಸಿ, ಇಲ್ಲವಾದರೆ ಒಣ ಕೈ ನೋಡಿ ಏನೂ ಇಲ್ಲ ಎಂದು ಕಳಿಸಿಬಿಡುತ್ತಾರೆ.

"ಆ ಚರ್ಮವನ್ನೇ ತೆಗೆದು ತೊಡೆಯ ಚರ್ಮ ಹಾಕಬಹುದಾ?" ತುಂಬ ತೀವ್ರವಾದ ಕೆಲವರಿಗೆ ಮಾಡಿದ್ದಾರೆ. ಆದರೆ ತೊಡೆಯ ಚರ್ಮ ತೆಳು, ನಡೆಯುವ ಭಾರಕ್ಕೆ ಹುಟ್ಟಿದ್ದಲ್ಲ. ಇದರ ತಿರುವು ಪ್ರಶ್ನೆಯನ್ನು ಬೇರೆಯವರು ಕೇಳಿಕೊಂಡಿದ್ದಾರೆ. ಕಾಲು ಕತ್ತರಿಸಿದವರು ಕೃತಕ ಕಾಲು ಹಾಕಿಕೊಂಡಾಗ ಮೋಟಿನ ತೆಳು ಚರ್ಮ ಉಜ್ಜಿ ಹುಣ್ಣಾಗುತ್ತದೆ. ಅವರಿಗೆ ದಪ್ಪ ಚರ್ಮವೇ ಬೇಕು! ಚರ್ಮದ ಮೇಲ್ಪದರಕ್ಕೆ "ನೀನು ಅಂಗಾಲಾಗು" ಎಂದು ಹೇಳುವುದು ಅದರ ಕೆಳಗಿನ ಫೈಬ್ರೋಬ್ಲಾಸ್ಟ್ ಎನ್ನುವ ಕೋಶಗಳು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಸ್ವಯಂಸೇವಕರ ಅಂಗಾಲಿನಿಂದ ಆ ಕೋಶ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಅವರದೇ ಮೈಯ ಬೇರೆ ಜಾಗದ ಚರ್ಮಕ್ಕೆ ಚುಚ್ಚಿದರು. ತಿಂಗಳುಗಳ ನಂತರ ನೋಡಿದಾಗ ಆ ಚರ್ಮ ಅಂಗಾಲಿನ ಕಡೆಗೆ ತಿರುಗಿತ್ತು, ದಪ್ಪಗಾಗಿತ್ತು, ಕೆರಾಟಿನ್ 9 ಅಲ್ಲಿ ಕಾಣಿಸಿಕೊಂಡಿತ್ತು.